ಪೊನ್ನಂಪೇಟೆಗೆ ಒಯ್ದ ಮೈಕು

ನಾನು ಶಾಲೆ ಬಿಟ್ಟದ್ದು ೧೯೯೩ರಲ್ಲಿ, ಎಂಟನೇ ಕ್ಲಾಸಿನ ಅರ್ಧಕ್ಕೆ. ಬಿಟ್ಟ ವಾರವೇ ಸುಂಟಿಕೊಪ್ಪದ ಒಂದು ವೆಲ್ಡಿಂಗ್ ಶಾಪಿನಲ್ಲಿ ಕಬ್ಬಿಣ ಉಜ್ಜಲು ಕುಳಿತೆ. ಇವತ್ತು ಅದೇ ಊರಿನಲ್ಲಿ ನನ್ನದೇ ಗ್ರಿಲ್ ಶಾಪು ಇದೆ. ಗೇಟು, ಕಿಟಕಿ, ಎಸ್ಟೇಟಿನ ಶೆಡ್ಡು, ಏನು ಹೇಳಿದರೂ ಮಾಡಿಕೊಡುತ್ತೇನೆ. ಯಾವ ಕೆಲಸವನ್ನೂ ಇನ್ನೊಬ್ಬರ ಹತ್ತಿರ ಎರಡು ಸಲ ಕೇಳಿ ಕಲಿತವನಲ್ಲ. ಒಮ್ಮೆ ನೋಡಿದರೆ ಸಾಕು, ಕೈಗೆ ಬರುತ್ತದೆ.

ಸಿನಿಮಾ ತೆಗೆಯುವ ಹುಚ್ಚು ಹತ್ತಿದ್ದು ನಲವತ್ತು ದಾಟಿದ ಮೇಲೆ. ಮಡಿಕೇರಿಯ ಒಬ್ಬ ಮದುವೆ ಫೋಟೋಗ್ರಾಫರ್ ಹೊಸ ಕ್ಯಾಮೆರಾ ಕೊಂಡಾಗ ಅವನ ಹಳೆಯ ಡಿಎಸ್‌ಎಲ್‌ಆರ್ ನನ್ನ ಪಾಲಿಗೆ ಬಂತು. ಲೆನ್ಸು ಒಂದೇ, ಐವತ್ತು ಎಂಎಂನದು. ಇರುವುದರಲ್ಲಿ ಅಗ್ಗದ್ದು, ಆದರೆ ಮುಖ ತೆಗೆಯಲು ಅದರಷ್ಟು ಚೆಂದದ್ದು ಇನ್ನೊಂದಿಲ್ಲ. ಉಳಿದದ್ದೆಲ್ಲ ನಾನೇ ಮಾಡಿಕೊಂಡೆ. ಕ್ಯಾಮೆರಾ ಅತ್ತಿತ್ತ ಜಾರಿಸಲು ಅಂಗಡಿಯಲ್ಲಿ ಸ್ಲೈಡರ್ ಎಂದು ಸಾವಿರಗಟ್ಟಲೆಗೆ ಮಾರುವುದನ್ನು ಅಲ್ಯುಮಿನಿಯಂ ಕಿಟಕಿಯ ಚಾನೆಲ್ಲು, ನಾಲ್ಕು ಬೇರಿಂಗು ಹಾಕಿ ಮಾಡಿದೆ. ಹೆಗಲ ಮೇಲೆ ಕ್ಯಾಮೆರಾ ಹೊರುವ ರಿಗ್ಗಿಗೆ ನೀರಿನ ಪಿವಿಸಿ ಪೈಪು. ಟ್ರೈಪಾಡು ನಿಲ್ಲದ ಕಡೆ ಕ್ಯಾಮೆರಾ ಕೂರಿಸಲು ಹೆಂಡತಿ ಹೊಲಿದುಕೊಟ್ಟ ಎರಡು ದಿಂಬು, ಒಳಗೆ ಹತ್ತಿಯ ಬದಲು ಕಾಫಿ ಬೀಜ. ಕಾರಿನ ಗಾಜಿಗೆ ಬಿಸಿಲು ಬೀಳದಂತೆ ಇಡುವ ಬೆಳ್ಳಿ ಬಣ್ಣದ ಹಾಳೆಯೇ ರಿಫ್ಲೆಕ್ಟರ್. ಕೈಯಲ್ಲಿ ಮಾಡಲಾಗದೆ ಉಳಿದದ್ದು ಮೈಕು ಒಂದೇ. ಕ್ಯಾಮೆರಾದೊಳಗಿನ ಮೈಕು ದೂರದಿಂದ ಕೇಳಿಸಿಕೊಳ್ಳುತ್ತದೆ. ಮಾತಿಗಿಂತ ಗಾಳಿ, ಬಸ್ಸು, ನಾಯಿ ಬೊಗಳುವುದೇ ಅದಕ್ಕೆ ಪ್ರೀತಿ.

ಆ ಮೈಕು ತರಲು ಹೊರಟದ್ದು ಅಕ್ಕನಿಗಾಗಿ. ನನ್ನ ಅಕ್ಕನನ್ನು ಕೊಟ್ಟಿರುವುದು ಪೊನ್ನಂಪೇಟೆ ಕಡೆಗೆ. ಭಾವ ಅಲ್ಲಿ ಒಂದು ಎಸ್ಟೇಟಿನಲ್ಲಿ ರೈಟರ್, ಎಂದರೆ ಆಳುಗಳ ಲೆಕ್ಕ, ಕೆಲಸ ಎಲ್ಲ ಅವರದೇ. ನಮ್ಮ ಅರೆಭಾಷೆ ಗೌಡರ ಮದುವೆಗಳಲ್ಲಿ ಹೆಂಗಸರು ಸೋಬಾನೆ ಹಾಡುತ್ತಾರೆ. ಅಕ್ಕ ಹಾಡಲು ಕೂತರೆ ಅಡುಗೆಯವರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬರುತ್ತಿದ್ದರು. ಎಷ್ಟು ಮನೆಯ ಹೆಣ್ಣುಮಕ್ಕಳನ್ನು ಅವಳು ಹಾಡಿ ಕಳಿಸಿದ್ದಾಳೋ. ಈಗ ಅವಳದೇ ಮಗಳು ಪವಿತ್ರಳ ಮದುವೆ ಮೇ ತಿಂಗಳಿಗೆ ಗೊತ್ತಾಗಿತ್ತು. ಅಷ್ಟರಲ್ಲಿ ಗಂಟಲಿನಲ್ಲಿ ಗಂಟು ಕಂಡಿತು. ಮೈಸೂರಿನ ಡಾಕ್ಟರು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಮದುವೆಯವರೆಗೆ ಕಾಯುವ ಹಾಗಿಲ್ಲ, ಆಮೇಲೆ ಧ್ವನಿ ಇರುವುದಿಲ್ಲ ಎಂದು ಹೇಳಿದರು.

ಅಕ್ಕ ಫೋನು ಮಾಡಿದಳು. ಗೊಗ್ಗರು ಧ್ವನಿ.

“ತಮ್ಮಾ, ನಿನ್ನ ಕ್ಯಾಮೆರಾ ತಕಂಡ್ ಬಾ. ಒಂದ್ ಸಲ ಹಾಡ್ತೇನೆ. ಕೂಸಿನ ಮದುವೆಗೆ ಅದನ್ನೇ ಹಾಕಿ.”

ಹಳೆಯ ಮದುವೆ ವೀಡಿಯೊಗಳಲ್ಲಿ ಅವಳ ಹಾಡು ಇಲ್ಲವೆಂದಲ್ಲ. ಅದರ ಮೇಲೆ ವಾಲಗ, ವಾಲಗದ ಮೇಲೆ ಸ್ಟುಡಿಯೋದವರು ಕೂರಿಸಿದ ಸಿನಿಮಾ ಹಾಡು. ಬರೀ ಅಕ್ಕ ಎಲ್ಲೂ ಇಲ್ಲ.

ಫೆಬ್ರವರಿ ಕೊನೆಯ ಒಂದು ಸಂಜೆ ಶಾಪು ಬೇಗ ಮುಚ್ಚಿ ಕುಶಾಲನಗರಕ್ಕೆ ಬಸ್ಸು ಹತ್ತಿದೆ. ಹದಿನೈದು ಕಿಲೋಮೀಟರು, ಟಿಕೆಟಿಗೆ ಇಪ್ಪತ್ತು ಚಿಲ್ಲರೆ. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಲ್ಲ, ಗಂಡಸರಿಗೆ ಸೀಟಿಲ್ಲ. ನಿಂತೇ ಹೋದೆ. ಶುಂಠಿ ಮೂಟೆ ಹೊತ್ತ ಲಾರಿಗಳು ಎದುರಾಗಿ ಧೂಳು ಎಬ್ಬಿಸುತ್ತಿದ್ದವು. ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕು ಇತ್ತು, ಕಾಫಿ ಹಣ್ಣಿನಷ್ಟು ದಪ್ಪ, ತಲೆಗೆ ಸ್ಪಂಜಿನ ಟೋಪಿ. ಅಂಗಡಿಯವರು ಮಲಯಾಳಿ, ನನ್ನದೇ ವಯಸ್ಸು. ಅವರ ಫೋನಿಗೆ ಹಾಕಿ ಮಾತಾಡಿಸಿ ಕೇಳಿಸಿದರು. ಉಸಿರು ಎಳೆದದ್ದೂ ಕೇಳುತ್ತಿತ್ತು.

“ಅಣ್ಣ, ಮೊಬೈಲಿಗಾ, ಕ್ಯಾಮೆರಾಕ್ಕಾ?” ಎಂದರು.

“ಎರಡಕ್ಕೂ ತೂತು ಒಂದೇ ಅಲ್ಲವಾ?”

“ತೂತೇನೋ ಒಂದೇ...” ಎನ್ನುವಷ್ಟರಲ್ಲಿ ಸ್ಕ್ರೀನ್ ಗಾರ್ಡ್ ಹಾಕಿಸಲು ಇಬ್ಬರು ಬಂದರು. ಅವರು ಆ ಕಡೆ ತಿರುಗಿದರು. ನಾನು ಮೈಕನ್ನು ಜೊತೆಗೆ ತಂದಿದ್ದ ನನ್ನ ಕ್ಯಾಮೆರಾಕ್ಕೆ ಚುಚ್ಚಿ ನೋಡಿದೆ. ಟಕ್ ಎಂದು ಕೂತಿತು, ಅಳತೆ ತೆಗೆದು ಮಾಡಿದ ಹಾಗೆ. ಆರುನೂರು ಕೊಟ್ಟು ಹೊರಟೆ.

ಮರುದಿನ ಬೆಳಿಗ್ಗೆ ಮಡಿಕೇರಿ ಬಸ್ಸು. ಚಳಿ ಇನ್ನೂ ಬಿಟ್ಟಿರಲಿಲ್ಲ. ಹೆಗಲಿಗೆ ಕ್ಯಾಮೆರಾ ಬ್ಯಾಗು, ಕೈಯಲ್ಲಿ ಸ್ಲೈಡರು, ಕಂಕುಳಲ್ಲಿ ಪೈಪಿನ ರಿಗ್ಗು. ಮಡಿಕೇರಿಯಲ್ಲಿ ಇಡ್ಲಿ ತಿಂದು ವಿರಾಜಪೇಟೆಯ ಖಾಸಗಿ ಬಸ್ಸು ಹಿಡಿದೆ. ಕಂಡಕ್ಟರು ಸ್ಲೈಡರನ್ನು ಮೇಲಿಂದ ಕೆಳಗೆ ನೋಡಿದ.

“ಏನಣ್ಣ, ಕಿಟಕಿ ಬಿಚ್ಚಿಕೊಂಡು ಊರು ಬಿಡ್ತಾ ಇದ್ದೀರಾ?”

“ಸಿನಿಮಾ ತೆಗೆಯೋ ಸಾಮಾನು ಮಾರಾಯ.”

“ಹಾಗಾದ್ರೆ ಹೀರೋಗೆ ಒಂದು ಟಿಕೆಟು, ಕಿಟಕಿಗೆ ಒಂದು ಲಗೇಜು,” ಎಂದು ಹರಿದು ಕೊಟ್ಟ. ಬಸ್ಸಿಡೀ ನಕ್ಕಿತು. ನಾನೂ ನಕ್ಕೆ. ಮೂರ್ನಾಡು ದಾಟಿದ ಮೇಲೆ ತಿರುವು ಹೆಚ್ಚು. ಸ್ಲೈಡರನ್ನು ಕಾಲುಗಳ ನಡುವೆ ಒತ್ತಿ ಹಿಡಿದು, ಮೈಕಿನ ಡಬ್ಬಿಯನ್ನು ಮಾತ್ರ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ರಸ್ತೆ ಪಕ್ಕದ ತೋಟಗಳಲ್ಲಿ ಸ್ಪ್ರಿಂಕ್ಲರುಗಳು ತಿರುಗುತ್ತಿದ್ದವು. ರೊಬಸ್ಟಾ ಹೂ ಬಿಡಿಸಲು ಆಗಲೇ ನೀರು ಹೊಡೆಯಬೇಕು, ಆ ದಿನಗಳಲ್ಲಿ ಕೊಡಗಿನಲ್ಲಿ ಮೋಟಾರು ನಿಲ್ಲಿಸುವವರಿಲ್ಲ. ವಿರಾಜಪೇಟೆ, ಗೋಣಿಕೊಪ್ಪ, ಅಲ್ಲಿಂದ ಇನ್ನೊಂದು ಬಸ್ಸು. ಪೊನ್ನಂಪೇಟೆಯಲ್ಲಿ ಭಾವ ಬೈಕು ತಂದು ಕಾಯುತ್ತಿದ್ದರು.

ಎಸ್ಟೇಟಿನ ಕ್ವಾರ್ಟರ್ಸಿನ ಅಂಗಳಕ್ಕೆ ಹೊಕ್ಕಾಗ ಅಕ್ಕ ಜಗಲಿಯಲ್ಲಿ ಕೂತಿದ್ದಳು. ಅರ್ಧ ಆಗಿದ್ದಾಳೆ. ಆದರೆ ರೇಷ್ಮೆ ಸೀರೆ ಉಟ್ಟಿದ್ದಳು, ತಲೆಗೆ ಹೂ ಮುಡಿದಿದ್ದಳು. ನನ್ನ ಕಂಕುಳಿನ ಪೈಪು ನೋಡಿ ಕಣ್ಣರಳಿಸಿದಳು.

“ಇದ್ ಎಂತ, ಕೋವಿನಾ? ಲೈಸನ್ಸ್ ಉಟ್ಟಾ?”

“ಉಂಟು ಅಕ್ಕ, ಉಂಟು,” ಎಂದೆ.

“ಅಮ್ಮ, ಮಾತಾಡ್ಬೇಡ ಅಂದಿದ್ದಾರಲ್ಲ ಡಾಕ್ಟ್ರು,” ಎಂದು ಪವಿತ್ರ ಗದರಿದಳು.

“ನಾಡಿದ್ದಿಂದ ನಿಂಗೆ ಬೇಕಾದಷ್ಟು ಸುಮ್ಮನಿರ್ತೇನೆ ಕೂಸೇ,” ಎಂದಳು ಅಕ್ಕ.

ಮಧ್ಯಾಹ್ನ ಊಟವಾದ ಮೇಲೆ ಮೈಸೂರಿಗೆ ಜೀಪು ಹೊರಡುವುದಿತ್ತು, ಅಡ್ಮಿಟ್ ಆಗಲು. ಹಾಗಾಗಿ ನಾನು ತಡ ಮಾಡಲಿಲ್ಲ. ಜಗಲಿಯ ಕಟ್ಟೆ ಮೇಲೆ ಕಾಫಿ ಬೀಜದ ದಿಂಬು ಇಟ್ಟು ಕ್ಯಾಮೆರಾ ಕೂರಿಸಿದೆ. ಬೆಳ್ಳಿ ಹಾಳೆಯನ್ನು ಪವಿತ್ರ ಹಿಡಿದಳು, ಅಮ್ಮನ ಕೆನ್ನೆಗೆ ಬೆಳಕು ಬಂತು. ತೊಂದರೆ ಒಂದೇ. ಮನೆಯ ಕೆಳಗೆ ಕೆರೆಯ ದಡದಲ್ಲಿ ಸ್ಪ್ರಿಂಕ್ಲರಿನ ಡೀಸೆಲ್ ಮೋಟಾರು ಎದೆ ನಡುಗುವ ಹಾಗೆ ಬಡಿದುಕೊಳ್ಳುತ್ತಿತ್ತು. ಅದರ ಸದ್ದಿನಲ್ಲೇ ಮೊದಲು ಒಂದು ತುಣುಕು ತೆಗೆದೆ, ಫೋಕಸ್ ನೋಡಲು. ಮೈಕು ಆಗಿನ್ನೂ ಹಾಕಿರಲಿಲ್ಲ.

“ಏನಾದ್ರೂ ಹೇಳಕ್ಕ.”

“ಎಂತ ಹೇಳೊಕು?” ಅವಳು ಕ್ಯಾಮೆರಾವನ್ನು ಹುಡುಕಿ ಕಣ್ಣು ನೆಟ್ಟಳು. “ಪವಿತ್ರನ ಮದುವೆಗೆ ಎಲ್ಲ ಬನ್ನಿ. ಉಣ್ಣದೆ ಹೋಗ್ಬೇಡಿ. ಸಾಕಾ?”

ಫೋಕಸ್ ಸರಿಯಾಗಿತ್ತು. ಈಗ ಮೋಟಾರು. ಅದನ್ನು ನಿಲ್ಲಿಸಬೇಕು ಎಂದು ಭಾವನಿಗೆ ಹೇಳಿದೆ. ನೀರು ಹೊಡೆಯುವಾಗ ನಡುವೆ ನಿಲ್ಲಿಸಿದರೆ ಮ್ಯಾನೇಜರ್ ದೊರೆ ಸುಮ್ಮನಿರುವವರಲ್ಲ. ಇಪ್ಪತ್ತು ವರ್ಷದ ಕೆಲಸದಲ್ಲಿ ಭಾವ ತಮಗಾಗಿ ಒಂದು ಮಾತು ಕೇಳಿದವರಲ್ಲ. ಆವತ್ತು ಫೋನು ಮಾಡಿದರು. ಆ ಕಡೆಯ ಬೈಗಳು ನಮಗೂ ಕೇಳಿಸಿತು. “ಅರ್ಧ ಗಂಟೆ ದೊರೆ, ಅರ್ಧ ಗಂಟೆ ಮಾತ್ರ,” ಎಂದು ಮೂರು ಸಲ ಹೇಳಿ ಕೆಳಗೆ ಇಳಿದು ಹೋದರು.

ಅಷ್ಟರಲ್ಲಿ ನಾನು ಎಲ್ಲರ ಫೋನು ಕೇಳಿ ತೆಗೆದುಕೊಂಡೆ. ಹತ್ತಿರ ಫೋನಿದ್ದರೆ ಮೈಕಿನಲ್ಲಿ ಗುಂಯ್ ಎನ್ನುತ್ತದೆ, ಅದು ನನಗೆ ಗೊತ್ತಿದ್ದ ವಿಷಯ. ಪವಿತ್ರ, “ಮಾವ, ನಾನೂ ಫೋನಲ್ಲಿ ಒಂದು ರೆಕಾರ್ಡ್ ಮಾಡ್ಕೊಳ್ಳಲಾ?” ಎಂದಳು. ಬೇಡ ಎಂದೆ. ಫೋನುಗಳನ್ನೆಲ್ಲ ಆಫ್ ಮಾಡಿ, ಒಳಕೋಣೆಯ ಅಕ್ಕಿ ಡ್ರಮ್ಮಿಗೆ ಹಾಕಿ ಮುಚ್ಚಳ ಮುಚ್ಚಿದೆ. ಮೈಕನ್ನು ಅಕ್ಕನ ಸೆರಗಿಗೆ ಸಿಕ್ಕಿಸಿ ಕ್ಯಾಮೆರಾಕ್ಕೆ ಚುಚ್ಚಿದೆ.

ಮೋಟಾರು ನಿಂತಿತು. ಒಮ್ಮೆಗೇ ಇಡೀ ತೋಟ ಸುಮ್ಮನಾಯಿತು. ಎಲೆಗಳಿಂದ ನೀರು ತೊಟ್ಟಿಕ್ಕುವುದು ಕೇಳತೊಡಗಿತು. ಅಕ್ಕ ಕಣ್ಣು ಮುಚ್ಚಿ ಶುರು ಮಾಡಿದಳು.

ಆ ಹಾಡನ್ನು ಇಲ್ಲಿ ಬರೆದು ತೋರಿಸಲು ನನಗೆ ಬರುವುದಿಲ್ಲ. ಮೊದಲೆರಡು ಸಾಲು ಒಡೆಯಿತು. ಮೂರನೆಯದಕ್ಕೆ ಎಲ್ಲಿಂದಲೋ ಆ ಹಳೆಯ ಧ್ವನಿ ಬಂತು. ಎಸ್ಟೇಟಿನ ಲೈನುಮನೆಗಳಿಂದ ಕೂಲಿ ಹೆಂಗಸರು ಒಬ್ಬೊಬ್ಬರಾಗಿ ಬಂದು ಬೇಲಿಯ ಹತ್ತಿರ ನಿಂತರು. ಮಗಳನ್ನು ಕಳಿಸಿಕೊಡುವ ಭಾಗ ಬಂದಾಗ ಪವಿತ್ರ ಭುಜಕ್ಕೆ ಕಣ್ಣು ಒರೆಸಿಕೊಂಡಳು, ಬೆಳ್ಳಿ ಹಾಳೆ ವಾಲಿ ಅಕ್ಕನ ಮುಖದ ಮೇಲೆ ಬೆಳಕು ನೀರಿನ ಹಾಗೆ ಅಲುಗಿತು. ಅಕ್ಕ ನಿಲ್ಲಿಸಲಿಲ್ಲ. ಮುಗಿಸಿದ ಮೇಲೆ ಕೆಮ್ಮು ಹತ್ತಿತು. ಅಷ್ಟರಲ್ಲಿ ಮೇಲೆ ಬಂದಿದ್ದ ಭಾವ ಕರವಸ್ತ್ರದಲ್ಲಿ ರಕ್ತ ಕಂಡು ಅವಳನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋದರು. ಕ್ಯಾಮೆರಾದ ಬ್ಯಾಟರಿ ಕೆಂಪು ಮಿನುಗುತ್ತಿತ್ತು, ಅಗ್ಗದ ಡೂಪ್ಲಿಕೇಟ್ ಬ್ಯಾಟರಿ. ಆಫ್ ಮಾಡಿದೆ. ಕೆಳಗೆ ಆಳುಗಳು ಮೋಟಾರು ಮತ್ತೆ ಶುರು ಮಾಡಿದರು.

ಊಟ ಯಾರಿಗೂ ಸೇರಲಿಲ್ಲ. ಅಕ್ಕ ಎರಡು ಚಮಚ ಗಂಜಿ ಕುಡಿದಳು. ಜೀಪು ನನ್ನನ್ನು ಗೋಣಿಕೊಪ್ಪದಲ್ಲಿ ಇಳಿಸಿ ಮೈಸೂರಿಗೆ ಹೋಗುವ ತಿತಿಮತಿ ರಸ್ತೆಗೆ ತಿರುಗಿತು. ಹಿಂದಿನ ಗಾಜಿನಲ್ಲಿ ಅಕ್ಕನ ಕೈ ಒಮ್ಮೆ ಕಂಡಿತು.

ಬಸ್ಸಿಗೆ ಹೊತ್ತಿತ್ತು. ಒಂದು ಹೋಟೆಲಿಗೆ ಹೋಗಿ ಟೀ ಹೇಳಿ, ಗೋಡೆಯ ಪ್ಲಗ್ಗಿನಲ್ಲಿ ಬ್ಯಾಟರಿ ಚಾರ್ಜಿಗೆ ಹಾಕಿದೆ. ಸ್ವಲ್ಪ ಏರಿದ ಮೇಲೆ ಕ್ಯಾಮೆರಾಕ್ಕೆ ಹಾಕಿ ವೀಡಿಯೊ ತೆರೆದೆ. ಅಕ್ಕ ಬಂದಳು. ಎಷ್ಟು ಚೆಂದ ಬಂದಿದ್ದಳು! ಬಾಯಿ ತೆರೆದಳು. ಸದ್ದಿಲ್ಲ. ಹೋಟೆಲಿನ ಗಲಾಟೆಗೆ ಕೇಳುತ್ತಿಲ್ಲವೇನೋ ಎಂದು ಕಿವಿಗೆ ಒತ್ತಿ ಹಿಡಿದೆ. ಇಲ್ಲ. ಸ್ಪೀಕರೇ ಹೋಗಿದೆ ಎಂದುಕೊಂಡು, ಪರೀಕ್ಷೆಗೆ ಅದರ ಹಿಂದಿನ ತುಣುಕು ಹಾಕಿದೆ. ಮೋಟಾರು ಗುಡುಗಿತು, ಅದರೊಳಗಿಂದ “ಪವಿತ್ರನ ಮದುವೆಗೆ ಎಲ್ಲ ಬನ್ನಿ” ಎಂಬ ಅಕ್ಕನ ಧ್ವನಿ ಇಡೀ ಹೋಟೆಲಿಗೆ ಕೇಳಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಸ್ಪೀಕರು ಸರಿಯಾಗಿಯೇ ಇತ್ತು.

ನನ್ನ ಹಾಗೆ ಕಡಿಮೆ ದುಡ್ಡಿನಲ್ಲಿ ಕ್ಯಾಮೆರಾ ಹಿಡಿದವರು ಇದನ್ನು ಓದುತ್ತಿದ್ದರೆ ನೋಡಿಕೊಳ್ಳಿ. ಮೈಕಿನ ಪಿನ್ನಿನ ಮೇಲೆ ಕಪ್ಪು ಗೆರೆಗಳಿರುತ್ತವೆ. ಮೂರು ಗೆರೆ ಇದ್ದರೆ ಅದು ಫೋನಿನದು, ಎರಡಿದ್ದರೆ ಕ್ಯಾಮೆರಾದ್ದು. ನನ್ನದಕ್ಕೆ ಮೂರಿದ್ದವು. ಫೋನಿನದನ್ನು ಕ್ಯಾಮೆರಾಕ್ಕೆ ಹಾಕಲು ನಡುವೆ ಒಂದು ಸಣ್ಣ ವಯರು ಬೇಕು. ಅದಿಲ್ಲದೆಯೂ ಪಿನ್ನು ಟಕ್ ಎಂದು ಕೂರುತ್ತದೆ, ಧ್ವನಿ ಮಾತ್ರ ಒಳಗೆ ಹೋಗುವುದಿಲ್ಲ. ಕ್ಯಾಮೆರಾ ತನ್ನ ಸ್ವಂತ ಕಿವಿಯನ್ನೂ ಮುಚ್ಚಿಕೊಳ್ಳುತ್ತದೆ. ನನ್ನದರಂಥ ಅಗ್ಗದ ಕ್ಯಾಮೆರಾಗಳಲ್ಲಿ ಹೆಡ್‌ಫೋನ್ ಹಾಕಿ ಕೇಳಲು ಬೇರೆ ತೂತೂ ಇಲ್ಲ.

ಪವಿತ್ರಳಿಗೆ ಫೋನು ಮಾಡಿದೆ. ಅಕ್ಕನಿಂದ ಎರಡು ಸಾಲನ್ನಾದರೂ ಫೋನಿನಲ್ಲಿ ಹಿಡಿಯಬಹುದು ಎಂಬ ಆಸೆ. ನಾನು ಬಾಯಿ ತೆರೆಯುವ ಮೊದಲೇ ಅವಳು, “ಮಾವ, ಹಾಡಿದ ಮೇಲೆ ಅಮ್ಮನಿಗೆ ಧ್ವನಿ ಬರ್ತಾನೇ ಇಲ್ಲ. ಸನ್ನೆ ಮಾಡ್ತಾಳೆ. ಹಾಡು ಚೆನ್ನಾಗಿ ಬಂದಿದೆಯಾ ಅಂತ ಕೇಳ್ತಿದ್ದಾಳೆ,” ಎಂದಳು.

ಕ್ಯಾಮೆರಾ ಆಫ್ ಮಾಡಿದೆ. ಜೀಪಿನ ಸದ್ದು ಕೇಳುತ್ತಿತ್ತು.

“ಮಾವ?” ಎಂದಳು. ಆಮೇಲೆ ಬೇರೆ ದನಿಯಲ್ಲಿ, “ತುಂಬಾ ಚೆನ್ನಾಗಿ ಬಂದಿದೆಯಂತಮ್ಮಾ,” ಎಂದು ಅಮ್ಮನಿಗೆ ಹೇಳಿ ಫೋನು ಇಟ್ಟಳು.

ಸುಂಟಿಕೊಪ್ಪಕ್ಕೆ ಬಂದಾಗ ಕತ್ತಲಾಗಿತ್ತು. ದಾರಿಯುದ್ದಕ್ಕೂ ಸ್ಪ್ರಿಂಕ್ಲರಿನ ಮೋಟಾರುಗಳು ಬಡಿದುಕೊಳ್ಳುತ್ತಿದ್ದವು.

ಆಪರೇಷನ್ ಆಯಿತು, ಅಕ್ಕ ಉಳಿದಳು. ಹತ್ತು ದಿನ ಬಿಟ್ಟು ಮೈಸೂರಿಗೆ ಹೋಗಿ ಅವಳ ಮಂಚದ ಪಕ್ಕ ಕೂತು ನಾನೇ ಹೇಳಿದೆ. ಅದನ್ನು ಹೇಳಲು ಪವಿತ್ರಳನ್ನು ಕಳಿಸುವವನು ನಾನಲ್ಲ. ಅಕ್ಕ ಪೂರ್ತಿ ಕೇಳಿದಳು. ಆಮೇಲೆ ಮಗಳ ಫೋನು ತೆಗೆದುಕೊಂಡು ಒಂದೊಂದೇ ಅಕ್ಷರ ಒತ್ತಿ ನನಗೆ ತೋರಿಸಿದಳು: “ನಿನ್ನ ಭಾವ ದೊರೆ ಹತ್ರ ಬೈಸ್ಕೊಂಡದ್ದು ದಂಡ.” ನಗುವ ಹಾಗೆ ಬಾಯಿ ಮಾಡಿದಳು. ನಂತರ ಕಿಟಕಿಯ ಕಡೆ ಮುಖ ತಿರುಗಿಸಿದವಳು ನಾನು ಎದ್ದು ಹೊರಡುವವರೆಗೂ ಈ ಕಡೆ ತಿರುಗಲಿಲ್ಲ.

ಮದುವೆ ಬರುವ ತಿಂಗಳು. ಈಗ ನನ್ನ ಹತ್ತಿರ ಇರುವುದು ಹಳೆಯ ಕ್ಯಾಮೆರಾ ಒಂದು, ಐವತ್ತರ ಲೆನ್ಸು ಒಂದು, ಕಿಟಕಿಯ ಚಾನೆಲ್ಲಿನ ಸ್ಲೈಡರು ಒಂದು, ಪೈಪಿನ ರಿಗ್ಗು ಒಂದು, ಕಾಫಿ ಬೀಜದ ದಿಂಬು ಎರಡು, ಬೆಳ್ಳಿ ಹಾಳೆ ಒಂದು, ಮೈಕು ಒಂದು, ಆಮೇಲೆ ಕೊಂಡ ಗೇಣುದ್ದದ ವಯರು ಒಂದು. ಅಕ್ಕ ಹಾಡುತ್ತಿರುವ ಮುಖ, ಹನ್ನೊಂದು ನಿಮಿಷ. ಅಕ್ಕನ ಧ್ವನಿ, ಮೋಟಾರಿನ ಸದ್ದಿನ ಜೊತೆ, ಹದಿನಾಲ್ಕು ಸೆಕೆಂಡು.