ಬಿಟ್ಟು ಓದಿದ ಸಾಲು

ನುಸಿಗುಳಿಗೆಯ ವಾಸನೆ ನಿಮಗೆ ಯಾರನ್ನು ನೆನಪಿಸುತ್ತದೋ ಗೊತ್ತಿಲ್ಲ; ನನಗೆ ನನ್ನ ಅಜ್ಜಿಯನ್ನು. ಕಳೆದ ವಾರ ಮಿರಜದ ಮನೆಯಲ್ಲಿ ಅವಳ ಟ್ರಂಕು ತೆರೆದಾಗ ಆ ವಾಸನೆಯ ಜೊತೆ ಒಂದು ಹಳೆಯ ಇನ್‌ಲ್ಯಾಂಡ್ ಕಾಗದ ಕೈಗೆ ಬಂತು.

ಅಜ್ಜಿ ಎಂದರೆ ಅಪ್ಪನ ತಾಯಿ. ಮ್ಹೈಸಾಳದಲ್ಲಿದ್ದ ಅವಳ ಅಣ್ಣನ ಮಗಳೇ ನನ್ನ ಅವ್ವ. ಸೋದರಮಾವನ ಮಗಳನ್ನು ತರುವುದು ನಮ್ಮಲ್ಲಿ ರೂಢಿ. ಆ ಅಣ್ಣ, ನನ್ನ ಅಜ್ಜ, ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿಯಾದರೂ ಬರುವ ಬದಲು ಕಾಗದ ಬರೆಯುತ್ತಿದ್ದ. ಅಣ್ಣ ತಂಗಿ ಇಬ್ಬರೂ ಕಲಿತದ್ದು ಕನ್ನಡ ಶಾಲೆಯಲ್ಲಿ. ಅಪ್ಪ, ಅವ್ವ, ನಾನು ಮರಾಠಿ ಶಾಲೆಯವರು. ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದೆವು, ಅಕ್ಷರ ಮಾತ್ರ ನಮಗೆ ಜಿಲೇಬಿ. ಹಾಗಾಗಿ ಓದುವವಳು ಅಜ್ಜಿ ಒಬ್ಬಳೇ.

ಓದುವುದರಲ್ಲೂ ಅವಳದೇ ಕಾರುಬಾರು. ಒಂದೇ ಕಾಗದ ಅಪ್ಪನೆದುರು ಒಂದು ಥರ, ಅವ್ವನೆದುರು ಇನ್ನೊಂದು ಥರ. ಬೆರಳು ನಾಲ್ಕು ಸಾಲು ಹಾರಿದ್ದನ್ನು ನಾನು ಕಂಡು ಕೇಳಿದರೆ, "ಅದು ಬೆಳಿ ಮಾತು, ನಿನಗ್ಯಾಕ?" ಎನ್ನುತ್ತಿದ್ದಳು. ಅಷ್ಟೆಲ್ಲ ಬೆಳೆ ಬಂದಿದ್ದರೆ ಅಜ್ಜ ಜಿಲ್ಲೆಗೇ ಸಾಹುಕಾರನಾಗಿರಬೇಕಿತ್ತು.

ಕೇಬಲ್ ಟಿವಿ, ಎಸ್‌ಟಿಡಿ ಬೂತು ಬಂದ ವರ್ಷಗಳವು. ಕುಪವಾಡದ ಕಾರ್ಖಾನೆಯಲ್ಲಿದ್ದ ಅಪ್ಪ ಹೊಸ ಸ್ಕೂಟರ್ ತಂದಿದ್ದ. ಬಸುರಿ ಅವ್ವನನ್ನು ಒಮ್ಮೆ ಅದರ ಮೇಲೆ ಕೂರಿಸಿಕೊಂಡು ಸಾಂಗಲಿ ಸುತ್ತಿಸಿದ. ಆಮೇಲೆ ತಂಗಿ ಹುಟ್ಟಿದಳು. ಕಣ್ಣು ಚುರುಕು, ಆದರೆ ಕತ್ತು ನಿಲ್ಲಲಿಲ್ಲ, ಕಾಲು ಎತ್ತಲಿಲ್ಲ. ಅಳುವ ದನಿಯೂ ಸಣ್ಣದಾಗುತ್ತ ಬಂತು. ದವಾಖಾನೆಗಳ ಊರಾದ ಮಿರಜದಲ್ಲೂ ಅದಕ್ಕೆ ಮದ್ದಿರಲಿಲ್ಲ. ವರ್ಷ ತುಂಬುವ ಮೊದಲೇ ಹೋದಳು.

"ಗಾಡಿ ಮ್ಯಾಲ ಕುಂತಿದ್ದಕ್ಕ ಹಿಂಗಾತು," ಎಂದು ಅವ್ವ ತನಗೆ ತಾನೇ ತೀರ್ಪು ಕೊಟ್ಟುಕೊಂಡಳು. ಅಜ್ಜಿ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಅವ್ವ ಮತ್ತೆಂದೂ ಸ್ಕೂಟರ್ ಹತ್ತಲಿಲ್ಲ. ಬಜಾರಿಗೆ, ಬಸದಿಗೆ, ನನ್ನ ಶಾಲೆಗೆ, ಎಲ್ಲಕ್ಕೂ ನಡಿಗೆಯೇ. ಊರು ಬೆಳೆದಂತೆ ಅವಳ ದಾರಿಯೂ ಬೆಳೆಯಿತು.

ನಾನು ಜೀವಶಾಸ್ತ್ರದ ಟೀಚರಾದೆ. ಜೀನಿನಿಂದ ಪ್ರೋಟೀನಿಗೆ ಒಂದು ನೇರ ಬಾಣ ಬಿಡಿಸಿ ವರ್ಷಗಟ್ಟಲೆ ಮಕ್ಕಳನ್ನು ದಾರಿ ತಪ್ಪಿಸಿದೆ. ಜೀವಕೋಶ ಜೀನಿನ ನಕಲನ್ನು ಇದ್ದಂತೆ ಓದುವುದಿಲ್ಲ ಎಂದು ತಿಳಿದದ್ದು ಆಮೇಲೆ. ಅದು ನಡುವಿನ ತುಂಡುಗಳನ್ನು ಕತ್ತರಿಸಿ ಉಳಿದದ್ದನ್ನು ಜೋಡಿಸಿಕೊಳ್ಳುತ್ತದೆ. ಯಾವುದು ಇರಲಿ, ಯಾವುದು ಬೇಡ ಎಂದು ಹೇಳಲು ಕೆಲವು ಪ್ರೋಟೀನುಗಳು ಆ ನಕಲಿನ ಮೇಲೆಯೇ ಬಂದು ಕೂರುತ್ತವೆ. ಹೀಗೆ ಒಂದೇ ಜೀನು ಮೆದುಳಿನಲ್ಲಿ ಒಂದು ಥರ, ಸ್ನಾಯುವಿನಲ್ಲಿ ಇನ್ನೊಂದು ಥರ. ತಂಗಿಯಂಥ ಮಕ್ಕಳಿಗೆ ನರಗಳನ್ನು ಕಾಯುವ ಒಂದು ಜೀನು ತಂದೆ ತಾಯಿ ಇಬ್ಬರಿಂದಲೂ ಹಾಳಾಗಿಯೇ ಬಂದಿರುತ್ತದೆ. ಅದರ ಕೆಲಸ ಮಾಡಬಲ್ಲ, ಅದರಂಥದ್ದೇ ಇನ್ನೊಂದು ಜೀನು ಮೈಯಲ್ಲಿದೆ. ಆದರೆ ಒಂದೇ ಅಕ್ಷರದ ವ್ಯತ್ಯಾಸದಿಂದ ಅಲ್ಲಿ "ಇರಲಿ" ಎನ್ನುವ ಪ್ರೋಟೀನಿಗೆ ಜಾಗ ಸಿಗದೆ "ಬಿಡು" ಎನ್ನುವುದು ಬಂದು ಕೂರುತ್ತದೆ. ಬೇಕಾದ ತುಂಡೇ ಹೆಚ್ಚಿನ ಸಲ ಬಿಟ್ಟುಹೋಗುತ್ತದೆ. ಈಗ ಅದನ್ನು ಉಳಿಸಿಕೊಡುವ ಔಷಧವೂ ಇದೆ. ಅದನ್ನು ಓದಿದ ದಿನ ನನಗೆ ಸಂತೋಷವಾಗಲಿಲ್ಲ, ಹೊಟ್ಟೆ ಉರಿಯಿತು.

ಕನ್ನಡ ಅಕ್ಷರ ಕಲಿತದ್ದು ಇನ್ನೂ ತಡವಾಗಿ, ಗಡಿಯಾಚೆಯ ಬಸ್ಸುಗಳ ಬೋರ್ಡು ನೋಡಿ ನೋಡಿ. ಟ್ರಂಕಿನ ಕಾಗದವನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ತಂಗಿ ತೀರಿಕೊಂಡ ವಾರ ಅಜ್ಜ ಬರೆದದ್ದು ಅದು. "ತಂಗೀ, ನಮ್ಮ ಅವ್ವನ ಎರಡು ಕೂಸು ಹಿಂಗ ಮೆತ್ತಗಾಗಿ ಹೋಗಿದ್ದು ನಿನಗ ಗೊತ್ತೈತಿ. ಇದು ನಮ್ಮ ಮನಿಯಿಂದ ಬಂದದ್ದು. ಪೋರಿಗೆ ಹೇಳು, ಆಕಿದೇನೂ ತಪ್ಪಿಲ್ಲ."

ಇದೇ ಕಾಗದವನ್ನು ಅಜ್ಜಿ ಅಂದು ಅವ್ವನಿಗೆ ಓದಿ ಹೇಳಿದ್ದಳು. ಈ ಸಾಲುಗಳನ್ನು ನಾವು ಕೇಳಿಯೇ ಇರಲಿಲ್ಲ.

"ನಮ್ಮಪ್ಪ ಏನ ಬರದಾನ?" ಮಂಚದಿಂದ ಅವ್ವ ಕೇಳಿದಳು. ಮೊಣಕಾಲು ಸವೆದು ಅವಳಿಗೀಗ ಏಳಲಾಗುವುದಿಲ್ಲ.

ಬೆಳಿ ಮಾತು ಎಂದುಬಿಡಬೇಕು ಅನ್ನಿಸಿತು. ಸತ್ತ ಅಜ್ಜಿಯ ಮಾನವಾದರೂ ಉಳಿಯುತ್ತಿತ್ತು. ಆದರೂ ಒಂದು ಅಕ್ಷರ ಬಿಡದೆ ಓದಿದೆ.

ಅವ್ವ ಅಜ್ಜಿಯನ್ನು ಬಯ್ಯಲಿಲ್ಲ. ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು, "ನಾ ಎಷ್ಟ ನಡದೇನಿ, ಅಲಾ?" ಎಂದಳು.