ತಾರ್ದಿವೊಲ್ಲಿಯ ಕಾಲರಿನಲ್ಲಿ ನೋಣಯ

ಸೌದಿಯ ರಿಯಾದಿನ ಮಲಾಜ್ ಬಡಾವಣೆಯಲ್ಲಿ ನೋಣಯ ಮೂವತ್ತೊಂದು ವರ್ಷಗಳಿಂದ ಟೈಲರ್. ಅಲ್ಲಿನ ಗಂಡಸರು ತೊಡುವ ಬಿಳಿ ನಿಲುವಂಗಿಗೆ ತೋಬ್ ಎನ್ನುತ್ತಾರೆ. ಇವನು ಹೊಲಿದ ತೋಬ್‌ಗಳನ್ನೆಲ್ಲ ಒಂದರ ತುದಿಗೊಂದು ಕಟ್ಟಿದರೆ ಆರುನೂರು ಕಿಲೋಮೀಟರು ಆಚೆಯ ಹಾಯಿಲ್‌ ತನಕ ಹೋಗಿ, ಚಾ ಕುಡಿದು, ವಾಪಸು ಬರಬಹುದು. "ನನ್ನ ಹೊಲಿಗೆ ತಿರುಗಿ ಅಂಗಡಿಯ ಮೆಟ್ಟಿಲು ಹತ್ತಿದ್ದಿಲ್ಲ" ಎಂಬುದು ಕಳೆದ ಚಳಿಗಾಲದ ತನಕ ಅವನ ಮಾತು. ಅವನಿಗೆ ಇಲ್ಲದ್ದು ಒಂದೇ, ಮನೆತನದ ಹೆಸರು. ಪಾಸ್‌ಪೋರ್ಟು ಮಾಡಿಸುವಾಗ ಆ ಖಾನೆಯಲ್ಲೂ ನೋಣಯ ಎಂದೇ ಬರೆಸಿದ್ದರಿಂದ ಅಲ್ಲಿನ ವಾಸದ ಪರವಾನಗಿಯಾದ ಇಕಾಮಾದಲ್ಲಿ ಅವನು ನೋಣಯ ನೋಣಯ. ಒಬ್ಬನೇ ಇಬ್ಬರ ಅನ್ನ ಉಣ್ಣುವುದಕ್ಕೆ ಇದೇ ಕಾರಣವೆಂದು ಹೆಂಡತಿ ನಳಿನಾಕ್ಷಿಯ ತೀರ್ಮಾನ.

ಆ ಚಳಿಗಾಲದಲ್ಲಿ ಝುಬೈರ್ ಒಬ್ಬ ಇಟಲಿಯವನನ್ನು ಅಂಗಡಿಗೆ ಕರೆತಂದ. ಝುಬೈರ್ ಉಳ್ಳಾಲದವನು, ಸಂಗೀತದ ಕಾರ್ಯಕ್ರಮ ನಡೆಸುವ ಕಂಪನಿಯಲ್ಲಿ ಕೆಲಸ. ಇಟಲಿಯವನು ಒಪೆರಾ ಹಾಡುಗಾರ, ಅಂದರೆ ಇಡೀ ನಾಟಕವನ್ನು ಹಾಡಿಯೇ ಆಡುವವನು. ಮನೆತನದ ಹೆಸರು ತಾರ್ದಿವೊಲ್ಲಿ. ನಾಲ್ಕು ತಲೆಮಾರಿನಿಂದ ಅವರಿಗೆ ಹಾಡುವುದೇ ಕಸುಬು. ಇಟಲಿಯನ್ನೆಲ್ಲ ಜಾಲಾಡಿದರೂ ಆ ಹೆಸರಿನವರು ಒಂಬತ್ತೇ ಮಂದಿ ಸಿಗುತ್ತಾರೆ, ಅದರಲ್ಲಿ ಎಂಟು ಮಂದಿ ಗೋರಿಯಲ್ಲಿ.

ಅವನ ಕೈಯಲ್ಲಿ ಮುತ್ತಜ್ಜನ ಕರಿಕೋಟು ಇತ್ತು. ಕಾಲರಿನ ಒಳಗೆ, ಸರಿಯಾಗಿ ಕತ್ತಿನ ಹಿಂದೆ, ಮುತ್ತಜ್ಜಿ ಕೆಂಪು ನೂಲಿನಲ್ಲಿ ಹೊಲಿದ ಮನೆತನದ ಹೆಸರು. ಆ ಕೋಟು ತೊಡದೆ ಆ ಮನೆಯ ಯಾರೂ ರಂಗ ಹತ್ತಿದವರಲ್ಲ. ಆದರೆ ತಾಲೀಮಿನ ಹತ್ತು ದಿನಗಳಲ್ಲಿ ಈತ ತಿಂದ ಕಬ್ಸಕ್ಕೆ, ಅಂದರೆ ಅಲ್ಲಿನ ಮಾಂಸದನ್ನಕ್ಕೆ, ಒಂದು ಕುರಿಮಂದೆಯೇ ಖಾಲಿಯಾಗಿ, ಗುಂಡಿ ಕೂಡುತ್ತಿರಲಿಲ್ಲ.

"ಎಷ್ಟು ಅಗಲ ಮಾಡ್ಬಹುದು ನೋಣಯಣ್ಣ?"

"ಮೊದ್ಲು ನೆಟ್ಟಗೆ ನಿಲ್ಲಿಸು ಅವರನ್ನು. ಉಸಿರು ಬಿಡ್ಲಿಕ್ಕೆ ಹೇಳು."

ತೋಬ್‌ನ ಗಿರಾಕಿಯಂತೆ ಅವನನ್ನು ಸುಮ್ಮನೆ ನಿಲ್ಲಿಸಿ ನೋಣಯ ಅಳತೆ ತೆಗೆದ. ಎರಡೂ ಬದಿಯ ಹೊಲಿಗೆ ಬಿಚ್ಚಿ, ಒಳಗೆ ಮಡಚಿದ್ದ ಬಟ್ಟೆಯನ್ನೆಲ್ಲ ಬಿಟ್ಟುಕೊಟ್ಟ. ಗುಂಡಿ ಕೂಡಿತು.

ನಾಟಕದ ದಿನ ಮಧ್ಯಾಹ್ನ ಕೊನೆಯ ತಾಲೀಮು. ತಾರ್ದಿವೊಲ್ಲಿ ಮೇಲಿನ ಸ್ವರಕ್ಕೆಂದು ಉಸಿರು ತುಂಬಿದ್ದೇ ತಡ, ಕೋಟಿನ ಬೆನ್ನು ಸೊಂಟದಿಂದ ಹೆಗಲ ತನಕ ಬಿರಿಯಿತು. ಮೂರು ಗುಂಡಿ ಹಾರಿದವು. ಎರಡು ಸಿಕ್ಕಿದವು. ಮೂರನೆಯದು ಇಷ್ಟರಲ್ಲಿ ಕೆಂಪು ಸಮುದ್ರ ದಾಟಿರಬೇಕು.

"ಎಂತ ನೋಣಯಣ್ಣ ಇದು!" ಝುಬೈರ್ ಹಾಡುಗಾರನನ್ನೂ ಕೋಟನ್ನೂ ಎಳೆದುಕೊಂಡೇ ಬಂದ. "ಎಂಟು ಗಂಟೆಗೆ ಆಟ. ಕೋಟಿಲ್ಲದೆ ಹಾಡುದೇ ಇಲ್ಲ ಅಂತಾನೆ ಈ ಜನ!"

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಹೊಲಿಗೆ ತಿರುಗಿ ಬಂದಿತ್ತು. ನೋಣಯನಿಗೆ ಬಂಟ್ವಾಳದ ಅಕ್ಕು ದೊಡ್ಡಮ್ಮ ನೆನಪಾದಳು. ಅವನಿಗೆ ಹೊಲಿಗೆ ಕಲಿಸಿದವಳು ಅವಳೇ. ಮದುವೆಯ ಬ್ಯಾಂಡ್‌ಸೆಟ್ಟಿನವರಿಗೆ ಕೋಟು ಹೊಲಿಯುವಾಗ ಅವಳು ಕಹಳೆ ಊದಿಸಿಯೇ ಎದೆಯ ಅಳತೆ ತೆಗೆಯುತ್ತಿದ್ದಳು. ತೋಬ್ ಹೊಲಿದು ಹೊಲಿದು ಇವನಿಗೆ ಅದು ಮರೆತೇ ಹೋಗಿತ್ತು.

"ತಪ್ಪು ನನ್ನದೇ. ಈಗ ಹಾಡ್ಲಿಕ್ಕೆ ಹೇಳು."

"ಇಲ್ಲಿಯಾ?"

"ಮತ್ತೆಲ್ಲಿ? ಹೊಟ್ಟೆ ಇಲ್ಲೇ ಉಂಟಲ್ಲ."

ತಾರ್ದಿವೊಲ್ಲಿ ಹಾಡಿದ. ಎದುರಿನ ಕ್ಷೌರದಂಗಡಿಯಲ್ಲಿ ಒಬ್ಬನ ಅರ್ಧ ಮೀಸೆ ಹೋಯಿತು. ಎರಡು ವರ್ಷದಿಂದ ಕೆಟ್ಟಿದ್ದ ಎಸಿ ತಾನಾಗಿ ಓಡತೊಡಗಿತು. ನೋಣಯ ಟೇಪು ಬಿಗಿಹಿಡಿದು ನೋಡಿದ: ಇನ್ನೂ ನಾಲ್ಕು ಬೆರಳು ಬೇಕು. ಬದಿಯಲ್ಲಿ ಬಟ್ಟೆಯಿಲ್ಲ. ಬೆನ್ನ ನಡುವೆ ಪಟ್ಟಿ ಸೇರಿಸಬೇಕು, ಅದಕ್ಕೆ ಕಾಲರನ್ನೂ ನಡುವೆ ಬಿಚ್ಚಬೇಕು. ಅಲ್ಲಿ ಕೂತಿದ್ದದ್ದು ಹೆಸರು.

ಝುಬೈರ್ ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಹಾಡುಗಾರನ ಮುಖ ತೋಬ್‌ನಷ್ಟೇ ಬಿಳಿಯಾಯಿತು. "ಹೆಸರಿಗೆ ಕತ್ತರಿ ಹಾಕ್ಬಾರ್ದಂತೆ ನೋಣಯಣ್ಣ."

"ಕತ್ತರಿ ಯಾರು ಹಾಕ್ತಾರೆ ಮಾರಾಯ? ನಡುವಿನ ಹೊಲಿಗೆ ಬಿಚ್ಚುದು, ಅಷ್ಟೇ. ಕೆಂಪು ನೂಲಿನ ಒಂದೆಳೆ ತುಂಡಾದ್ರೆ ನಾನು ನಾಳೆಯೇ ಅಂಗಡಿ ಮುಚ್ತೇನೆ. ಅಷ್ಟು ಸಪೂರದ ಹೆಸರೊಳಗೆ ಇಷ್ಟು ದಪ್ಪದ ಜನ ಕೂರುದು ಹೇಗೆ, ಕೇಳು ಅವರ ಹತ್ರ."

ಹಾಡುಗಾರ ಹೊಟ್ಟೆ ನೋಡಿಕೊಂಡ. ನಕ್ಕ. ತಲೆಯಾಡಿಸಿದ.

ಪಕ್ಕದ ಅಂಗಡಿಯಿಂದ ಹೆಂಗಸರ ಅಬಾಯಾ ಹೊಲಿಯುವ ಕರಿಬಟ್ಟೆ ಬಂತು. ಒಂದೊಂದೇ ಟಾಕು ಬಿಚ್ಚಿ, ತಾರ್ದಿ ಎಂಬಷ್ಟನ್ನು ಆಚೆ, ವೊಲ್ಲಿ ಎಂಬಷ್ಟನ್ನು ಈಚೆ ಸರಿಸಿ, ನಡುವೆ ನಾಲ್ಕು ಬೆರಳಿನ ಪಟ್ಟಿ ಕೂರಿಸಿದ ನೋಣಯ. ಏಳು ಗಂಟೆಗೆ ಕೋಟು ಸಿದ್ಧ.

ರಂಗದ ಪರದೆಯ ಹಿಂದೆ ಅವನು ನೂಲು ಪೋಣಿಸಿದ ಸೂಜಿ ಹಿಡಿದೇ ನಿಂತಿದ್ದ. ಆ ಮೇಲಿನ ಸ್ವರ ಬಂತು. ಅದು ಮುಗಿಯುವುದರೊಳಗೆ ಒಂದು ಸೇರು ಕುಚ್ಚಲಕ್ಕಿ ಬೇಯಿಸಿ ಬಸಿಯಬಹುದಿತ್ತು ಎಂದು ಸಭೆಯಲ್ಲಿ ಕೂತಿದ್ದ ನಳಿನಾಕ್ಷಿ ಈಗಲೂ ಹೇಳುತ್ತಾಳೆ. ಕೋಟು ಜಗ್ಗಲಿಲ್ಲ.

ಆಟ ಮುಗಿಸಿ ಬಂದ ತಾರ್ದಿವೊಲ್ಲಿ ಕೋಟು ಕಳಚಿ, ಕಾಲರಿನ ಖಾಲಿ ಜಾಗದ ಮೇಲೆ ಬೆರಳಿಟ್ಟು ಏನೋ ಹೇಳಿದ.

"ಇಲ್ಲಿ ನಿಮ್ಮ ಮನೆತನದ ಹೆಸರು ಹೊಲೀಬೇಕಂತೆ," ಎಂದ ಝುಬೈರ್.

"ನೋಣಯವೇ ಮನೆತನ. ಬೇಕಾದ್ರೆ ನನ್ನ ಇಕಾಮಾ ತೋರಿಸು ಅವರಿಗೆ."

ಸೂಜಿ ಕೈಯಲ್ಲೇ ಇತ್ತು. ಕೆಂಪು ನೂಲು ಬದಲಿಸಿ, ಮೂರು ಕನ್ನಡದ ಅಕ್ಷರಗಳನ್ನು ಅಲ್ಲೇ ಕೂರಿಸಿದ. ಒಂದು ಬೆರಳಿನಷ್ಟು ಜಾಗ ಉಳಿಯಿತು. ಅದನ್ನು ಮುಂದಿನ ಕಬ್ಸಕ್ಕೆಂದು ಬಿಟ್ಟ.

ಈಗ ನೋಣಯನ ಮಾತು ಸ್ವಲ್ಪ ಬದಲಾಗಿದೆ: "ನನ್ನ ಹೊಲಿಗೆ ಒಂದೇ ಒಂದು ಸಲ ತಿರುಗಿ ಬಂದದ್ದು. ಅದೂ ನನ್ನ ಹೆಸರು ತಕ್ಕೊಂಡು ಹೋಗ್ಲಿಕ್ಕೆ."