ಮಲಗೌಡ ಸರ್ ಒಪ್ಪಿಗೆ

ನಿಪ್ಪಾಣಿಯ ನಮ್ಮ ಆಫೀಸಿನ ಕೆಳಗೆ ತಂಬಾಕಿನ ಗೋದಾಮು. ಕಿಟಕಿ ತೆರೆದರೆ ಘಾಟು ನೇರ ಮೂಗಿಗೆ. ಇವತ್ತೂ ತೆರೆದೆ, ಸೀನಿದೆ. ಬಂದದ್ದು ನನ್ನ ಸೀನಲ್ಲ, ಮಲಗೌಡ ಸರ್ ಅವರದ್ದು: ಮೂರು ಕಂತಿನಲ್ಲಿ, ಕೊನೆಯದಕ್ಕೊಂದು ‘ಯವ್ವಾ’ ಸೇರಿಸಿ. ಯಾರೂ ನಗಲಿಲ್ಲ. ನಗಲು ಆಫೀಸಿನಲ್ಲಿ ಇರುವುದು ನಾನೊಬ್ಬನೇ.

ನಿಮ್ಮ ಮುಂದೆ ಮುಚ್ಚಿಡುವುದೇನು, ನನ್ನದು ಕೆಟ್ಟ ಚಟ. ತಿಂಗಳಿಗೊಮ್ಮೆ ಬಂದುಹೋಗುವ ಮ್ಯಾನೇಜರ್ ಕೆಮ್ಮು, ಚಹಾದವಳ ಬೈಗುಳ, ಕಂಡಕ್ಟರನ ಸೀಟಿ, ಎಲ್ಲವನ್ನೂ ನನ್ನ ಬಾಯಿಗೆ ಎತ್ತಿಕೊಂಡುಬಿಡುತ್ತೇನೆ. ನನ್ನ ಸ್ವಂತ ದನಿಯನ್ನು ಎಲ್ಲಿಟ್ಟೆನೋ, ಹುಡುಕಬೇಕು.

ನಮ್ಮ ಕಂಪನಿ ದ್ರಾಕ್ಷಿ ಬೆಳೆಗಾರರಿಗೆ ಔಷಧ ಸಿಂಪಡಣೆಯ ಸೂಚನೆ ಕೊಡುವ ವೆಬ್‌ಸೈಟ್ ನಡೆಸುತ್ತದೆ. ಕನ್ನಡದಲ್ಲೊಂದು ಪುಟ, ಮರಾಠಿಯಲ್ಲೊಂದು. ಅದನ್ನು ನಿರ್ವಹಿಸುವ ಸಾಫ್ಟ್‌ವೇರ್ ಮಾತ್ರ ದೈತ್ಯ ಕಂಪನಿಗಳಿಗೆಂದು ಕಟ್ಟಿದ್ದು. ಒಂದು ಮೇಕೆ ಕಟ್ಟಲು ಕಲ್ಯಾಣಮಂಟಪ ಹಿಡಿದ ಹಾಗೆ. ಒಂದು ಅಲ್ಪವಿರಾಮ ತಿದ್ದಿದರೂ ಉಳಿಸು, ಕಳಿಸು, ಕಾಯು. ಬರೆದವನೇ ಒಪ್ಪುವಂತಿಲ್ಲ, ಒಪ್ಪಲು ಎರಡನೆಯ ಮನುಷ್ಯ ಬೇಕು.

ಆ ಎರಡನೆಯ ಮನುಷ್ಯ ಮಲಗೌಡ ಸರ್. ಅವರು ಪರದೆ ನೋಡುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿ ಕುರ್ಚಿಗೆ ಒರಗಿ, “ಲೇ, ಬಾಯಿ ಬಿಟ್ಟ ಓದು,” ಅನ್ನುವರು. ಓದಿದರೆ, “ಇನ್ನೊಮ್ಮೆ.” ನನಗೆ ಮೈಯೆಲ್ಲ ಉರಿ. ಅವರು ಕೆಲಸ ಬಿಟ್ಟು ಅಥಣಿ ಕಡೆಯ ತಮ್ಮ ದ್ರಾಕ್ಷಿ ತೋಟಕ್ಕೆ ಹೋದ ದಿನ ನಾನು ಖುಷಿಪಟ್ಟದ್ದು ಸುಳ್ಳಲ್ಲ. ಆ ಖುಷಿ ಮರುದಿನ ಊಟದ ಡಬ್ಬಿ ಬಿಚ್ಚುವವರೆಗೆ ಇತ್ತು. ಅವರ ಶೇಂಗಾ ಚಟ್ನಿ ಕಸಿದು ತಿನ್ನುತ್ತಿದ್ದವನಿಗೆ ಕಸಿಯಲು ಯಾರೂ ಇರಲಿಲ್ಲ.

ಕುರ್ಚಿಗೆ ಬೇರೆಯವರು ಬರಲಿಲ್ಲ. ಸರ್ ಹೆಸರಿನ ಒಪ್ಪುವ ಖಾತೆಯನ್ನೂ ಮ್ಯಾನೇಜರ್ ನನಗೇ ಕೊಟ್ಟರು. ನಾನಾಗಿ ಬರೆದು, ಹೊರಬಂದು, ಸರ್ ಆಗಿ ಒಳಹೊಕ್ಕು, ಅವರ ದನಿಯಲ್ಲಿ ಕೇಳುತ್ತಿದ್ದೆ: “ಏನಲೇ, ಸರಿ ಐತಿ?” ನಾನು: “ಐತ್ರೀ ಸರ್.” ಅವರು: “ಹಂಗಾರ ಒತ್ತು.” ಎಷ್ಟೋ ದಿನ ನಾನಾಡಿದ ಮಾತುಕತೆ ಅದೊಂದೇ.

ಕಳೆದ ವಾರ ಮೋಡ ಕವಿದಿತ್ತು. ಮಳೆ ಬಂದರೆ ಹೊಡೆದ ಔಷಧವೆಲ್ಲ ತೊಳೆದುಹೋಗುತ್ತದೆ. “ಇಂದು ಸಿಂಪಡಿಸಬೇಡಿ” ಎಂದು ಎರಡೂ ಭಾಷೆಯಲ್ಲಿ ಬರೆದು, ಸರ್ ಆಗಿ ಒಪ್ಪಿದೆ. ಅರ್ಧ ಗಂಟೆಗೆ ಫೋನ್. ನಿಜವಾದ ಸರ್.

“ಪಂಪ್ ತುಂಬಿಸಿ ನಿಂತೀನಿ. ನೆತ್ತಿ ಮ್ಯಾಲ ಮೋಡ ಐತಿ, ನಿನ್ನ ಪುಟದಾಗ ಇವತ್ತ ಹೊಡೀರಿ ಅಂತೈತಿ. ಯಾರನ್ನ ನಂಬಲಿ? ಬಾಜೂ ತೋಟದವ್ರೂ ತಯಾರಾಗ್ಯಾರ.”

“ಹೊಸಾದು ಹಾಕೀನ್ರಿ ಸರ್! ಈ ಸುಡಗಾಡ ಸಾಫ್ಟ್‌ವೇರ್‌ರೀ...”

ಉಳಿದಿದ್ದ ಹಳೆಯ ಪ್ರತಿಗಳನ್ನು ಅಳಿಸಿದೆ. ಸರ್ವರನ್ನು ಮಲಗಿಸಿ ಎಬ್ಬಿಸಿದೆ. ಪುಟದ ಹಂದರವನ್ನೇ ಬಿಚ್ಚಿ ಹರವಿದೆ. ಆದರೂ ಹಳೆಯ ಸೂಚನೆಯೇ ಹಲ್ಲು ಕಿರಿಯಿತು.

“ಅದನ್ನ ಬೈಯೂದ ಬಿಡು,” ಎಂದರು ಸರ್. “ಒಪ್ಪಿದ್ದನ್ನ ಬಾಯಿ ಬಿಟ್ಟ ಓದು.”

ಓದಿದೆ. ಬಾಯಿಂದ ಮರಾಠಿ ಬಂತು. ಭಾಷೆಗೊಮ್ಮೆ ಎಂದು ಎರಡು ಸಲ ತೆರೆದು, ಮೆಚ್ಚಿ, ಒಪ್ಪಿದ್ದು ಮರಾಠಿ ಪುಟವನ್ನೇ. ಕನ್ನಡದ್ದು ಸಾಲಿನಲ್ಲಿ ಇನ್ನೂ ಕಾಯುತ್ತ ಕೂತಿತ್ತು. ಮನೆಯಲ್ಲೊಂದು ಭಾಷೆ, ಅಂಗಡಿಯಲ್ಲೊಂದು ಮಾತಾಡಿ ಬೆಳೆದ ನಮ್ಮ ಕಡೆಯವರಿಗೆ ಅರ್ಥ ಆಯಿತೆಂದರೆ ಮುಗಿಯಿತು. ಯಾವುದರಲ್ಲಿ ಆಯಿತೆಂದು ಯಾರು ನೋಡುತ್ತಾರೆ?

ತಕ್ಷಣ ಕನ್ನಡ ಪುಟಕ್ಕೂ ಒಪ್ಪಿಗೆ ಒತ್ತಿದೆ. “ಬಂತು,” ಎಂದರು. ಪಕ್ಕದ ತೋಟಕ್ಕೆ ಕೂಗಿ ಹೇಳಿದ್ದೂ ಕೇಳಿಸಿತು. ಆಮೇಲೆ, “ಒಪ್ಪಿದ ಶಾಣ್ಯಾ ಯಾರಲೇ?”

“ನೀವ ರೀ,” ಎಂದು ನನ್ನ ನಾಟಕವನ್ನೆಲ್ಲ ಹೇಳಿದೆ.

“ನಾ ಹ್ಯಾಂಗ ಒಪ್ಪಿದ್ನಿ? ಮಾಡಿ ತೋರಿಸು.”

ಸೀನಿನ ಸಮೇತ ಮಾಡಿದೆ. ಅವರು ನಗಲಿಲ್ಲ.

“ದನಿ ಬರೋಬ್ಬರ ಐತಿ. ಆದ್ರ ನಾ ಯಾವಾಗ ಒಂದ ಸಲಕ್ಕ ಇಷ್ಟ ಲಗೂ ಒಪ್ಪೀನಲೇ?”

ಇವತ್ತಿನ ಪುಟಗಳು ಸಿದ್ಧವಾಗಿವೆ. ಸರ್ ಆಗಿ ಒಳಹೊಕ್ಕಿದ್ದೇನೆ. ಒತ್ತಲಿಲ್ಲ, ಫೋನ್ ಹಚ್ಚಿದೆ. “ಎರಡೂ ಓದ್ತೀನ್ರಿ ಸರ್.” ಯಾರ ದನಿಯನ್ನೂ ಎತ್ತಿಕೊಳ್ಳದೆ ಓದಿದೆ. ನನ್ನದು ಇಷ್ಟು ಸಣ್ಣ ದನಿಯೆಂದು ನನಗೇ ಗೊತ್ತಿರಲಿಲ್ಲ. ಆ ಕಡೆ ಬಳ್ಳಿಗಳ ನಡುವೆ ಗಾಳಿಯ ಸದ್ದು. ಮಲಗಿಬಿಟ್ಟರೇ ಅಂದುಕೊಳ್ಳುವಷ್ಟರಲ್ಲಿ ಕೇಳಿಸಿತು:

“ಇನ್ನೊಮ್ಮೆ.”